ಮಾವೋ ಪುಸ್ತಕವನ್ನು ಪಟ್ಟಿಯಿಂದ ತೆಗೆದ ಓದುಬಳಗದ ಗೆಳೆಯರಿಗೆ

ಗೆಳೆಯ ಗೆಳತಿಯರೇ,

ಮುಂದಿನ ತಿಂಗಳ ಚರ್ಚೆಗೆ ಗೊತ್ತುಮಾಡಿದ್ದ 'ಮಾವೋ: ದಿ ಅನ್‌ನೋನ್ ಸ್ಟೋರಿ'ಯನ್ನು ಕೈಬಿಟ್ಟಿದ್ದೀರಿ ಎಂದು ತಿಳಿಯಿತು. ಕೈಬಿಟ್ಟ ಬಗೆಯೂ ಕಿವಿಗೆ ಬಿತ್ತು. ಅದು ಸಾಮ್ರಾಜ್ಯಶಾಹಿಗಳ ಅಪಪ್ರಚಾರ, ಕೈಗೆತ್ತಿಕೊಂಡರೇ ಅದಕ್ಕೆ ಮಾನ ಕೊಟ್ಟ ಹಾಗೆ ಎಂದು ಬಳಗದ ಒಂದು ಪಾಲಿನವರು ಹೇಳಿದರಂತೆ. ಏಳು ಕೋಟಿ ಜನರನ್ನು ಕೊಂದವನ ವಿಚಾರದಲ್ಲಿ ಚರ್ಚಿಸಲು ಇನ್ನೇನು ಬಾಕಿ ಇದೆ ಎಂದು ಇನ್ನೊಂದು ಪಾಲಿನವರು ಕೇಳಿದರಂತೆ. ಕಡೆಗೆ ಜಗಳವೇ ಬೇಡವೆಂದು ಆ ಜಾಗಕ್ಕೆ ಒಂದು ಪ್ರವಾಸಕಥನ ಹಾಕಿಕೊಂಡಿದ್ದೀರಿ. ಎರಡೂ ಪಾಲಿನಲ್ಲಿ ಪುಸ್ತಕವನ್ನು ಕೊನೆಯವರೆಗೆ ಓದಿದವರು ಎಷ್ಟು ಮಂದಿ ಎಂದು ನಾನು ಕೇಳುವುದಿಲ್ಲ. ಎಂಟುನೂರು ಪುಟದ ಪುಸ್ತಕದ ವಿಚಾರದಲ್ಲಿ ಅಂಥ ಪ್ರಶ್ನೆ ಕೇಳುವುದು ಸೌಜನ್ಯವಲ್ಲ.

ನಿಮಗಷ್ಟೇ ಹೇಳಬಹುದಾಗಿದ್ದ ಮಾತನ್ನು ಬಹಿರಂಗವಾಗಿ ಬರೆಯುತ್ತಿದ್ದೇನೆ. ಏಕೆಂದರೆ ಈ ಎರಡು ವಾದಗಳು ನಿಮ್ಮ ಕೋಣೆಯೊಳಗೆ ಹುಟ್ಟಿದವಲ್ಲ. ಪುಸ್ತಕ ಹೊರಬಂದ 2005ರಿಂದಲೂ ಲಂಡನ್ನಿನಲ್ಲಿ, ತೈಪೆಯಲ್ಲಿ, ದೆಹಲಿಯಲ್ಲಿ ಇದೇ ಎರಡು ಮಾತು ಎದುರುಬದುರು ನಿಂತಿವೆ. ನನ್ನ ತಕರಾರು ಎರಡರ ಮೇಲೂ ಇದೆ. ಪುಸ್ತಕದ ಮೇಲಂತೂ ಇದ್ದೇ ಇದೆ. ಮಾವೋನ ಮೇಲೆ ಅದು ಹೊರಿಸಿದ ತಪ್ಪು ಹೆಚ್ಚಾಯಿತು ಎಂಬ ದೂರು ನನ್ನದಲ್ಲ. ಗಟ್ಟಿ ಸಾಕ್ಷ್ಯ ಕೈಯಲ್ಲೇ ಇರುವ ಕಡೆ ನಿಲ್ಲದೆ, ಸಾಕ್ಷ್ಯ ತೆಳ್ಳಗಿರುವ ಕಡೆಗೆ ಓಡಿಹೋಗಿ ಅಲ್ಲಿ ಕಹಳೆ ಊದುತ್ತದೆ. ಅದರಿಂದ ಲಾಭವಾದದ್ದು ಮಾವೋಗೆ, ನಷ್ಟವಾದದ್ದು ಹೊಟ್ಟೆಗಿಲ್ಲದೆ ಸತ್ತವರಿಗೆ. ನನ್ನ ದೂರು ಇದು.

ಬರೆದವರು ಯಾರೆಂಬುದನ್ನು ಮೊದಲು ಹೇಳಿಬಿಡುತ್ತೇನೆ. ಜುಂಗ್ ಚಾಂಗ್ 1952ರಲ್ಲಿ ಸಿಚುವಾನ್ ಪ್ರಾಂತ್ಯದಲ್ಲಿ ಹುಟ್ಟಿದವರು. ತಂದೆ ತಾಯಿ ಇಬ್ಬರೂ ಕಮ್ಯುನಿಸ್ಟ್ ಅಧಿಕಾರಿಗಳು. ಸಾಂಸ್ಕೃತಿಕ ಕ್ರಾಂತಿಯಲ್ಲಿ ತಂದೆ ಮಾವೋಗೆ ಎದುರು ಮಾತಾಡಿ, ಹಿಂಸೆಗೆ ಸಿಕ್ಕಿ, ಮನಸ್ಸಿನ ಸ್ಥಿಮಿತ ಕಳೆದುಕೊಂಡು ಸತ್ತರು. ಅಜ್ಜಿ, ತಾಯಿ, ತಾನು ಎಂಬ ಮೂರು ತಲೆಮಾರಿನ ಆ ಕಥೆಯೇ 1991ರ 'ವೈಲ್ಡ್ ಸ್ವಾನ್ಸ್'. ಒಂದು ಕೋಟಿಗೂ ಹೆಚ್ಚು ಪ್ರತಿ ಮಾರಾಟವಾದ ಆ ಪುಸ್ತಕ ನಿಮ್ಮಲ್ಲಿ ಹಲವರ ಕಪಾಟಿನಲ್ಲಿದೆ ಎಂಬುದು ನನಗೆ ಗೊತ್ತು. ಗಂಡ ಜಾನ್ ಹ್ಯಾಲಿಡೇ ಇತಿಹಾಸಕಾರರು, ಹಿಂದೊಮ್ಮೆ ಎಡಪಂಥೀಯ 'ನ್ಯೂ ಲೆಫ್ಟ್ ರಿವ್ಯೂ' ಬಳಗದವರು, ರಷ್ಯನ್ ಬಲ್ಲವರು. ಇಬ್ಬರೂ ಸೇರಿ ಹತ್ತು ವರ್ಷಕ್ಕೂ ಹೆಚ್ಚು ಕಾಲ ದುಡಿದು, ಮಾಸ್ಕೋದ ದಾಖಲೆಗಳನ್ನು ಕೆದಕಿ, ನೂರಾರು ಜನರನ್ನು ಕಂಡು ಈ ಪುಸ್ತಕ ಬರೆದರು. ಹಾಗಾಗಿ, ಇದನ್ನು ಯಾರೋ ಕೂಲಿಗೆ ಬರೆಸಿದ್ದು ಎಂದು ತಳ್ಳಿಹಾಕುವವರ ಜೊತೆ ನಾನಿಲ್ಲ. ಇದು ಗಾಯಗೊಂಡವರು ಬರೆದ ಪುಸ್ತಕ. ಆದರೆ ಗಾಯ ಆದವರ ಮಾತೆಂಬ ಕಾರಣಕ್ಕೆ ಅದರ ಅಡಿಟಿಪ್ಪಣಿಗಳನ್ನು ಯಾರೂ ತಿರುವಿ ನೋಡಬಾರದು ಎಂಬ ಕಟ್ಟಳೆಯೂ ಇಲ್ಲ.

ಒಳ್ಳೆಯದನ್ನು ಮೊದಲು ಹೇಳಬೇಕು. ಯಾಂಗ್ ಕೈಹುಯ್ ಮಾವೋನ ಎರಡನೆಯ ಹೆಂಡತಿ. ಮನೆಯವರು ಹುಡುಗನಾಗಿದ್ದಾಗ ಮಾಡಿದ್ದ ಮದುವೆಯನ್ನು ಲೆಕ್ಕಕ್ಕೆ ಹಿಡಿಯದಿದ್ದರೆ ಮೊದಲನೆಯವಳು. ಚಾಂಗ್‌ಶಾದಲ್ಲಿ ಅವನಿಗೆ ನೀತಿಶಾಸ್ತ್ರ ಕಲಿಸಿದ ಗುರುವಿನ ಮಗಳು. 1927ರಲ್ಲಿ ಮಾವೋ ಬಂಡುಕೋರ ಪಡೆಯೊಂದಿಗೆ ಬೆಟ್ಟ ಹತ್ತಿದ. ಅವಳು ಮೂರು ಗಂಡುಮಕ್ಕಳ ಜೊತೆ ಊರಲ್ಲಿ ಉಳಿದಳು. ಮರುವರ್ಷವೇ ಅವನು ಹೆ ಜಿಝೆನ್ ಎಂಬ ಯುವತಿಯ ಜೊತೆ ಸಂಸಾರ ಹೂಡಿದ. 1930ರಲ್ಲಿ ಅವನ ಪಡೆ ಚಾಂಗ್‌ಶಾದ ಮೇಲೆ ದಾಳಿಗೆ ಬಂದು ಹಿಂದಿರುಗಿದ ಮೇಲೆ ಅಲ್ಲಿನ ಸೇನಾಧಿಪತಿ ಅವಳನ್ನು ಹಿಡಿಸಿದ. ಗಂಡನನ್ನು ತೊರೆದೆನೆಂದು ಹೇಳಿದರೆ ಬಿಡುತ್ತೇವೆ ಎಂದರು. ಅವಳು ಹೇಳಲಿಲ್ಲ. ಅದೇ ನವೆಂಬರಿನಲ್ಲಿ ಗುಂಡಿಟ್ಟು ಕೊಂದರು. ಆ ಒಂಟಿ ವರ್ಷಗಳಲ್ಲಿ ಅವಳು ಬರೆದ ಹಾಳೆಗಳು ಮನೆಯ ಗೋಡೆಯ ಇಟ್ಟಿಗೆಗಳ ಸಂದಿನಲ್ಲಿ ಅಡಗಿದ್ದು, ದುರಸ್ತಿಯ ವೇಳೆ 1982ರಲ್ಲಿ ಒಮ್ಮೆ, 1990ರಲ್ಲಿ ಇನ್ನೊಮ್ಮೆ ಹೊರಬಂದವು. ಆ ಬರಹಗಳಿಗೆ ಈ ಪುಸ್ತಕದಲ್ಲಿ ಒಂದು ಅಧ್ಯಾಯದಷ್ಟು ಜಾಗವಿದೆ. ಪ್ರೀತಿ, ಅನುಮಾನ, ಗಂಡ ಬರೆಯದೆ ಹೋದ ಕಾಗದಗಳ ಕಾಯುವಿಕೆ, ತಾನು ನಂಬಿದ ಸಿದ್ಧಾಂತದ ಬಗ್ಗೆಯೇ ಏಳುವ ಪ್ರಶ್ನೆ ಎಲ್ಲವೂ ಅಲ್ಲಿವೆ. ಅಲ್ಲಿ ಲೇಖಕರು ತಮ್ಮ ದನಿ ತಗ್ಗಿಸಿ ಅವಳನ್ನು ಮಾತಾಡಲು ಬಿಟ್ಟಿದ್ದಾರೆ. ಇಡೀ ಪುಸ್ತಕದಲ್ಲಿ ಮಾವೋನ ಮೇಲೆ ಅತ್ಯಂತ ಭಾರವಾಗಿ ಬೀಳುವ ಪುಟಗಳು ಅವೇ.

ಇನ್ನು ನನ್ನ ತಕರಾರುಗಳು. ಮೊದಲು ಲುದಿಂಗ್ ಸೇತುವೆಗೆ ಬರೋಣ.

ಶತ್ರುಗಳಿಂದ ತಪ್ಪಿಸಿಕೊಳ್ಳಲು ಕಮ್ಯುನಿಸ್ಟ್ ಸೈನ್ಯ ನಡೆದ ಲಾಂಗ್ ಮಾರ್ಚ್ ಎಂದರೆ ಚೀನಾದ ಪಠ್ಯಪುಸ್ತಕಗಳಲ್ಲಿ ಈ ಸೇತುವೆಯೇ. ಸಿಚುವಾನಿನ ದಾದು ನದಿಯ ಮೇಲೆ ಹದಿಮೂರು ಕಬ್ಬಿಣದ ಸರಪಳಿಗಳು, ಮೇಲೆ ಹಾಸಿದ ಹಲಗೆಗಳು, ನೂರು ಮೀಟರ್ ಉದ್ದ. 1935ರ ಮೇ ತಿಂಗಳ ಕೊನೆಯಲ್ಲಿ ಶತ್ರುಗಳು ಹಲಗೆ ಕಿತ್ತಿದ್ದರಂತೆ. ಎದುರು ದಡದಿಂದ ಮಷೀನ್‌ಗನ್ ಗುಂಡು ಸುರಿಯುತ್ತಿರುವಾಗ ಇಪ್ಪತ್ತೆರಡು ಕೆಂಪು ಸೈನಿಕರು ಬರೀ ಸರಪಳಿ ಹಿಡಿದು ತೆವಳುತ್ತ ದಾಟಿ ದಡ ಗೆದ್ದರಂತೆ. ಜಗತ್ತಿಗೆ ಈ ಕಥೆ ಹೇಳಿದವರು ಅಮೆರಿಕದ ಪತ್ರಕರ್ತ ಎಡ್ಗರ್ ಸ್ನೋ. 1936ರಲ್ಲಿ ಅವರು ಬಾವೊಆನ್‌ನ ಗುಹೆಮನೆಗಳಿಗೆ ಹೋಗಿ, ಮಾವೋನ ಬಾಯಿಂದಲೇ ಅವನ ಜೀವನ ಕೇಳಿ ಬರೆದುಕೊಂಡರು. ಬರೆದದ್ದನ್ನು ಚೀನಿಗೆ ತಿರುಗಿಸಿ ಅವನಿಗೇ ತೋರಿಸಿ ತಿದ್ದಿಸಿಕೊಂಡದ್ದೂ ಉಂಟು. ಮಾವೋನ ಮೊದಲ ಜೀವನಚರಿತ್ರೆಯ ಕರಡು ತಿದ್ದಿದವನು ಮಾವೋನೇ.

ಅಲ್ಲಿ ಕಾಳಗವೇ ನಡೆಯಲಿಲ್ಲ, ಅದು ಪೂರ್ತಿ ಕಟ್ಟುಕಥೆ ಎನ್ನುತ್ತಾರೆ ಚಾಂಗ್ ಮತ್ತು ಹ್ಯಾಲಿಡೇ. ಅವರ ಮುಖ್ಯ ಸಾಕ್ಷಿ ತೊಂಬತ್ತಮೂರು ವಯಸ್ಸಿನ ಒಬ್ಬ ಅಜ್ಜಿ. ಸೇತುವೆಯ ಬುಡದಲ್ಲೇ ಅವಳ ಮನೆಯವರದೊಂದು ಸೋಯಾ ಗಿಣ್ಣಿನ ಅಂಗಡಿಯಿತ್ತು. ಸೇತುವೆಯ ತನ್ನ ಬದಿಗೆ ಗುಂಡು ಬಿದ್ದದ್ದೇ ಅವಳಿಗೆ ನೆನಪಿಲ್ಲ. ಸರಿ. ಆದರೆ ಪುಸ್ತಕ ಬಂದ ವರ್ಷವೇ ಲುದಿಂಗ್‌ಗೆ ಹೋದ ಆಸ್ಟ್ರೇಲಿಯಾದ ಪತ್ರಕರ್ತರೊಬ್ಬರಿಗೆ ಬೇರೊಬ್ಬ ಅಜ್ಜಿ ಸಿಕ್ಕಳು, ಕಾಳಗ ಆಯಿತು ಎಂದಳು. ಲಾಂಗ್ ಮಾರ್ಚಿನ ಜಾಡು ಹಿಡಿದು ಹೋಗಿ 2006ರಲ್ಲಿ ಪುಸ್ತಕ ಬರೆದ ಸುನ್ ಶುಯುನ್ ಅವರಿಗೆ ಸ್ಥಳೀಯರು ಕೊಟ್ಟ ಚಿತ್ರ ಮೂರನೆಯದು: ಚಕಮಕಿ ನಡೆದದ್ದು ಹೌದು, ಆದರೆ ಎದುರಿಗಿದ್ದದ್ದು ಹಳೆಯ ಬಂದೂಕು ಹಿಡಿದ ಒಂದು ಸಣ್ಣ ತುಕಡಿ. ಕಾರ್ಟರ್ ಕಾಲದಲ್ಲಿ ಅಮೆರಿಕದ ಭದ್ರತಾ ಸಲಹೆಗಾರರಾಗಿದ್ದ ಬ್ರೆಜಿನ್‌ಸ್ಕಿ ಹೇಳಿಕೊಂಡ ಪ್ರಕಾರ, ಮಾವೋನ ನಂತರ ಚೀನಾವನ್ನು ಆಳಿದ ದೆಂಗ್ ಶಿಯಾವೊಪಿಂಗ್ ಕೂಡ ಒಮ್ಮೆ ನಗುತ್ತಲೇ, ಅದೆಲ್ಲ ಪ್ರಚಾರಕ್ಕೆ ಹೇಳಿಕೊಂಡದ್ದು, ಕಾರ್ಯಾಚರಣೆ ತೀರ ಸುಲಭದ್ದಾಗಿತ್ತು ಎಂದಿದ್ದ.

ಈ ಎಲ್ಲವನ್ನೂ ಒಟ್ಟಿಗೆ ಇಟ್ಟರೆ ನಮ್ಮ ಊರುಗಳ ವೀರಗಲ್ಲುಗಳ ಹಿಂದೆ ಇರುವಂಥ ಕಥೆಯೇ ಸಿಗುತ್ತದೆ: ಏನೋ ನಡೆದಿತ್ತು, ಹೇಳುತ್ತ ಹೇಳುತ್ತ ದೊಡ್ಡದಾಯಿತು. ಅಷ್ಟು ಬರೆದಿದ್ದರೆ ಮಾವೋವಾದಿ ಪುರಾಣದ ಬಣ್ಣ ತಾನಾಗಿಯೇ ಉದುರುತ್ತಿತ್ತು, ಯಾರಿಗೂ ಉತ್ತರ ಕೊಡಲು ಆಗುತ್ತಿರಲಿಲ್ಲ. ಏನೂ ನಡೆಯಲೇ ಇಲ್ಲ ಎಂದು ಬರೆದದ್ದರಿಂದ, ಅಲ್ಲೊಂದು ಗುಂಡು ಹಾರಿತ್ತೆಂದು ತೋರಿಸಿದವರು ಇಡೀ ಪುಸ್ತಕವನ್ನೇ ಸೋಲಿಸಿದಂತೆ ಮೆರೆಯುವಂತಾಯಿತು. ನಿಮ್ಮ ಬಳಗದ ಎಡಪಂಥೀಯ ಗೆಳೆಯರು ಮೊನ್ನೆ ಮಾಡಿದ್ದೂ ಅದನ್ನೇ ಎಂದು ಕೇಳಿದ್ದೇನೆ.

ಗೂಢಚಾರರ ಕಥೆಗಳನ್ನು ಬೇಗ ದಾಟಿಬಿಡೋಣ. ಅವು ಓದಲು ರೋಚಕ, ನಂಬಲು ಕಷ್ಟ. 1928ರಲ್ಲಿ ಮಂಚೂರಿಯಾದ ಸೇನಾಧಿಪತಿ ಝಾಂಗ್ ಝುವೊಲಿನ್‌ನ ರೈಲನ್ನು ಸಿಡಿಸಿದ್ದು ಜಪಾನಿನ ಸೇನಾಧಿಕಾರಿಗಳು ಎಂಬುದು ಒಪ್ಪಿತ ಇತಿಹಾಸ. ಈ ಪುಸ್ತಕ ಸ್ಟಾಲಿನ್‌ನ ಏಜೆಂಟರತ್ತ ಬೊಟ್ಟು ಮಾಡುತ್ತದೆ. ಮಾಸ್ಕೋದಲ್ಲಿ ಒತ್ತೆಯಾಳಿನಂತಿದ್ದ ಮಗನಿಗಾಗಿ ರಾಷ್ಟ್ರೀಯವಾದಿ ನಾಯಕ ಚಿಯಾಂಗ್ ಕೈ-ಶೇಕ್ ಕೆಂಪು ಸೈನ್ಯವನ್ನು ಬೇಕೆಂದೇ ಬಿಟ್ಟುಕೊಟ್ಟ ಎನ್ನುತ್ತದೆ. 1947ರಲ್ಲಿ ಮಾವೋನ ರಾಜಧಾನಿ ಯಾನಾನ್ ಗೆದ್ದ ರಾಷ್ಟ್ರೀಯವಾದಿ ಸೇನಾಪತಿ ಹು ಝೊಂಗ್‌ನಾನ್ ಒಳಗೊಳಗೇ ಕಮ್ಯುನಿಸ್ಟರ ಆಳಾಗಿದ್ದಿರಬೇಕು ಎನ್ನುತ್ತದೆ. ಹು ಬಳಿ ಕಮ್ಯುನಿಸ್ಟ್ ಗೂಢಚಾರ ಇದ್ದದ್ದು ನಿಜ: ಅವನ ಆಪ್ತ ಕಾರ್ಯದರ್ಶಿ ಶಿಯೊಂಗ್ ಶಿಯಾಂಗ್‌ಹುಯ್. ದಾಳಿಯ ಯೋಜನೆ ಮೊದಲೇ ಯಾನಾನ್ ತಲುಪಿದ್ದು ಅವನಿಂದ. ಆಳು ಗೂಢಚಾರನಾಗಿದ್ದ ಎಂದರೆ ಒಡೆಯನೂ ಆಗಿದ್ದ ಎಂದಾಗುವುದಿಲ್ಲವಲ್ಲ. ತೈವಾನಿನಲ್ಲಿ ಹು ಮನೆಯವರು, ಅವನ ಕೈಕೆಳಗೆ ದುಡಿದವರು ಸಿಟ್ಟಿಗೆದ್ದರು. ಅಲ್ಲಿ ಚೀನಿ ಆವೃತ್ತಿ ತರಬೇಕಿದ್ದ ಯುವಾನ್-ಲಿಯು ಪ್ರಕಾಶನ 2006ರಲ್ಲಿ ಹಿಂದೆ ಸರಿಯಿತು, ಪುಸ್ತಕ ಹಾಂಗ್‌ಕಾಂಗಿನಿಂದ ಬಂತು. ಮಾವೋನನ್ನು ಬೈದದ್ದಕ್ಕೆ ಬೀಜಿಂಗ್‌ನಲ್ಲಿ ನಿಷೇಧ, ಮಾವೋನ ಶತ್ರುವನ್ನು ಮಾವೋನ ಆಳು ಎಂದದ್ದಕ್ಕೆ ತೈಪೆಯಲ್ಲಿ ಮುದ್ರಣಕ್ಕೆ ತಡೆ! ಬೇರಾವ ಜೀವನಚರಿತ್ರೆಗೂ ಈ ಭಾಗ್ಯ ದಕ್ಕಿದಂತಿಲ್ಲ.

ವಿಮರ್ಶಕರ ಮಾತಿಗೂ ನಿಮ್ಮಲ್ಲಿ ತಪ್ಪು ಕಲ್ಪನೆ ಇದ್ದಂತಿದೆ. ಪುಸ್ತಕವನ್ನು ಟೀಕಿಸಿದವರೆಲ್ಲ ಮಾವೋ ಭಕ್ತರು ಎಂದು ಒಬ್ಬರು ಅಂದರಂತೆ. ಅತ್ಯಂತ ಗಟ್ಟಿಯಾದ ಟೀಕೆ ಬರೆದವರು ಕೊಲಂಬಿಯಾ ವಿಶ್ವವಿದ್ಯಾಲಯದ ಆಂಡ್ರ್ಯೂ ನೇಥನ್. ತಿಯಾನನ್‌ಮೆನ್ ಹತ್ಯಾಕಾಂಡದ ಗುಪ್ತ ದಾಖಲೆಗಳೆಂದು ಹೊರಬಂದ ಪುಸ್ತಕದ ಸಂಪಾದಕರಲ್ಲೊಬ್ಬರು. ಚೀನಾಕ್ಕೆ ಕಾಲಿಡಲು ಬಿಡದಷ್ಟು ಆ ಸರ್ಕಾರಕ್ಕೆ ಬೇಡವಾದವರು. 2005ರ ನವೆಂಬರಿನಲ್ಲಿ 'ಲಂಡನ್ ರಿವ್ಯೂ ಆಫ್ ಬುಕ್ಸ್'ನಲ್ಲಿ ಅವರು ಮಾಡಿದ್ದು ಗುಮಾಸ್ತನ ಕೆಲಸ: ಅಡಿಟಿಪ್ಪಣಿಗಳನ್ನು ಒಂದೊಂದಾಗಿ ಹಿಡಿದು ಮೂಲಕ್ಕೆ ಹೋದರು. ಕೆಲವು ಮೂಲಗಳನ್ನು ಬೇರೆ ಯಾರೂ ನೋಡಲು ಆಗದು, ಕೆಲವು ಸಂಗತಿಗಳು ಊಹೆ, ಕೆಲವು ಸುಳ್ಳು ಎಂದು ತೋರಿಸಿದರು. ಗ್ರೆಗರ್ ಬೆಂಟನ್ ಮತ್ತು ಲಿನ್ ಚುನ್ ಆಮೇಲೆ ಇಂಥ ವಿದ್ವಾಂಸರ ಲೇಖನಗಳನ್ನು ಕೂಡಿಸಿ ಒಂದು ಪುಸ್ತಕವನ್ನೇ ತಂದರು. ಹೊಗಳಿದವರೂ ಕಡಿಮೆ ಇರಲಿಲ್ಲ. ಮಾವೋನ ಬರಹಗಳನ್ನು ಬಾಳಿನುದ್ದಕ್ಕೂ ಅನುವಾದಿಸಿ ಸಂಪಾದಿಸಿದ ಸ್ಟುವರ್ಟ್ ಶ್ರಾಮ್ ಅವರಂಥವರೇ ತಕರಾರುಗಳ ನಡುವೆಯೂ ಇದರಲ್ಲಿ ಬೆಲೆ ಕಂಡರು. ಆದ್ದರಿಂದ ಯಾರು ಯಾವ ಕಡೆಯವರು ಎಂದು ನೋಡಿ ತೀರ್ಪು ಕೊಡುವ ನಮ್ಮ ಹಳೆಯ ಚಾಳಿ ಈ ಪುಸ್ತಕದ ವಿಚಾರದಲ್ಲಿ ಕೆಲಸಕ್ಕೆ ಬರುವುದಿಲ್ಲ.

ನಾನು ನಿಮ್ಮ ಗಮನ ಹೆಚ್ಚು ಬೇಡುವುದು ಮುಂದಿನ ಸಂಗತಿಗೆ.

1958ರ ನವೆಂಬರ್. ಮಹಾ ಮುನ್ನೆಗೆತದ (ಗ್ರೇಟ್ ಲೀಪ್ ಫಾರ್ವರ್ಡ್) ಮೊದಲ ವರ್ಷ. ಕಮ್ಯೂನುಗಳು ಎದ್ದಿವೆ, ಮನೆಮನೆಯ ಒಲೆ ಆರಿ ಸಾಮೂಹಿಕ ಊಟದ ಮನೆಗಳು ಬಂದಿವೆ, ಹಿತ್ತಲಲ್ಲಿ ಉಕ್ಕಿನ ಕುಲುಮೆಗಳು ಹೊಗೆಯಾಡುತ್ತಿವೆ. ವುಚಾಂಗಿನ ಸಭೆಯಲ್ಲಿ ಮಾವೋ ಒಂದು ಭಾಷಣ ಮಾಡಿದ. ಕಾಲುವೆ, ಕಟ್ಟೆ, ಕಬ್ಬಿಣ ಅಂತ ಇಷ್ಟೊಂದು ಕೆಲಸವನ್ನು ಒಟ್ಟಿಗೆ ಮಾಡಹೊರಟರೆ ಚೀನಾದ ಅರ್ಧ ಜನ ಸತ್ತಾರು. ಅರ್ಧ ಅಲ್ಲದಿದ್ದರೆ ಮೂರನೇ ಒಂದು ಪಾಲು, ಅದೂ ಅಲ್ಲದಿದ್ದರೆ ಹತ್ತನೇ ಒಂದು ಪಾಲು, ಐದು ಕೋಟಿ ಎಂಬ ಅರ್ಥದ ಮಾತು ಅದರಲ್ಲಿದೆ. ಚಾಂಗ್ ಮತ್ತು ಹ್ಯಾಲಿಡೇ ಇದನ್ನು ಕೋಟಿಗಟ್ಟಲೆ ಸಾವಿಗೆ ಮನಸ್ಸು ಗಟ್ಟಿಮಾಡಿಕೊಂಡವನ ಮಾತಾಗಿ ಓದುತ್ತಾರೆ. ಇಂಟರ್‌ನೆಟ್ಟಿನಲ್ಲಿ ಹರಿದಾಡುವುದು ಈ ಓದೇ. ಇಡೀ ಭಾಷಣ ಮುಂದಿಟ್ಟುಕೊಂಡವರು ಬೇರೆ ಅರ್ಥ ತೋರಿಸಿದ್ದಾರೆ. ಗುವಾಂಗ್‌ಶಿಯಲ್ಲಿ ಜನ ಹಸಿವಿನಿಂದ ಸತ್ತದ್ದಕ್ಕೆ ಅಲ್ಲಿನ ಪಕ್ಷದ ಮುಖ್ಯಸ್ಥನ ಕೆಲಸ ಹೋಗಿತ್ತು. ಅದನ್ನು ನೆನಪಿಸಿ, ಗುರಿಗಳನ್ನು ಇಳಿಸಿರಿ, ಇಲ್ಲವಾದರೆ ನಿಮ್ಮ ಕುರ್ಚಿಯೂ ಹೋದೀತು, ನನ್ನ ತಲೆಯೂ ಹೋದೀತು ಎಂದು ಅಧಿಕಾರಿಗಳನ್ನು ಎಚ್ಚರಿಸುವ ಮಾತು ಅದು. ಎಡಪಂಥೀಯ ಗೆಳೆಯರು ಇಲ್ಲಿಗೆ ನಿಲ್ಲಿಸುತ್ತಾರೆ: ನೋಡಿ, ತಿರುಚಿದ್ದಾರೆ, ಕೇಸು ಖುಲಾಸೆ.

ಖುಲಾಸೆ ಹೇಗಾಗುತ್ತದೆ? ಅದು ಎಚ್ಚರಿಕೆಯೇ ಆಗಿದ್ದರೆ, ಹೀಗೆ ಹೋದರೆ ಜನ ಕೋಟಿಗಟ್ಟಲೆ ಸಾಯುತ್ತಾರೆಂಬುದು ಅವನಿಗೆ 1958ರ ನವೆಂಬರಿನಲ್ಲೇ ಗೊತ್ತಿತ್ತು ಎಂದಾಯಿತು. ಎಂಟು ತಿಂಗಳಾದ ಮೇಲೆ, 1959ರ ಜುಲೈಯಲ್ಲಿ, ಲುಷಾನ್ ಬೆಟ್ಟದ ಸಭೆಯಲ್ಲಿ ರಕ್ಷಣಾ ಮಂತ್ರಿ ಪೆಂಗ್ ದೆಹುವಾಯ್ ಇದೇ ಮಾತನ್ನು ಎಷ್ಟೋ ಮೆತ್ತಗೆ ಹೇಳಿದ. ಅವನೂ ಮಾವೋನ ಜಿಲ್ಲೆಯವನೇ. ಊರಿಗೆ ಹೋಗಿ ಗದ್ದೆ, ಕುಲುಮೆ, ಜನರ ಮುಖ ನೋಡಿ ಬಂದಿದ್ದ. ಸಭೆಯಲ್ಲಿ ಎದ್ದು ನಿಂತು ಕೂಗಲಿಲ್ಲ, ಖಾಸಗಿಯಾಗಿ ಒಂದು ಕಾಗದ ಬರೆದ. ಮಾವೋ ಅದನ್ನು ಅಚ್ಚು ಹಾಕಿಸಿ ಎಲ್ಲರಿಗೂ ಹಂಚಿಸಿದ. (ಕಾಗದಗಳನ್ನು ಬಹಿರಂಗ ಮಾಡುವುದರಲ್ಲಿ ಎಷ್ಟು ಬಗೆಯಿದೆ ನೋಡಿ.) ಪೆಂಗ್ ಪಕ್ಷವಿರೋಧಿಯಾದ, ಪದವಿ ಲಿನ್ ಬಿಯಾವೊ ಕೈಗೆ ಹೋಯಿತು. ಆಮೇಲೆ ಸಾಂಸ್ಕೃತಿಕ ಕ್ರಾಂತಿಯ ಹುಡುಗರು ಅವನನ್ನು ಬೀದಿಗೆಳೆದು ಬಡಿದರು. 1974ರಲ್ಲಿ ಕಾವಲಿನಲ್ಲೇ ಸತ್ತ. ಲುಷಾನಿನ ನಂತರ ದೇಶದ ತುಂಬ ಬಲಪಂಥೀಯರ ಬೇಟೆ ಶುರುವಾಯಿತು. ಬೆಳೆ ಕಡಿಮೆ ಎಂದು ಬಾಯಿಬಿಟ್ಟ ಅಧಿಕಾರಿಯೇ ಅಪರಾಧಿ. ಅತಿ ಹೆಚ್ಚು ಸಾವುಗಳು ಸಂಭವಿಸಿದ್ದು ಅದಾದ ಮೇಲಿನ ಚಳಿಗಾಲದಲ್ಲಿ.

ಪುಸ್ತಕ ಆ ಭಾಷಣವನ್ನು ಇದ್ದಂತೆ ಓದಿದ್ದರೆ ಆರೋಪ ತೂಕ ಕಳೆದುಕೊಳ್ಳುತ್ತಿರಲಿಲ್ಲ, ಹೆಚ್ಚುತ್ತಿತ್ತು. ಜನ ಸಾಯಲಿ ಎಂದು ಬಯಸುವ ರಾಕ್ಷಸನ ಬಗ್ಗೆ ವಿವರಿಸಲು ಏನೂ ಇರುವುದಿಲ್ಲ. ಸಾವು ಬರುತ್ತದೆಂದು ತಿಳಿದು, ತಿಳಿದದ್ದನ್ನು ತಾನೇ ಹೇಳಿ, ಅದನ್ನೇ ಇನ್ನೊಬ್ಬ ಹೇಳಿದಾಗ ತನ್ನ ಮುಖ ಉಳಿಸಿಕೊಳ್ಳಲು ಅವನನ್ನು ಮುರಿದು ಹಾಕಿದವನ ಬಗ್ಗೆ ಎಷ್ಟು ಬರೆದರೂ ಮುಗಿಯದು. ಆ ಮಾವೋನನ್ನು ಈ ಪುಸ್ತಕ ಕೈಗೆ ಸಿಕ್ಕಿಯೂ ಬಿಟ್ಟಿದೆ.

ಇದರ ಬೇರು ಪುಸ್ತಕದ ಮೊದಲ ಅಧ್ಯಾಯಗಳಲ್ಲೇ ಇದೆ. ಇಪ್ಪತ್ತನಾಲ್ಕರ ಹುಡುಗನಾಗಿದ್ದಾಗ ಮಾವೋ ಜರ್ಮನ್ ತತ್ವಜ್ಞಾನಿ ಪೌಲ್ಸೆನ್‌ನ ನೀತಿಶಾಸ್ತ್ರದ ಪುಸ್ತಕದ ಅಂಚಿನಲ್ಲಿ ಟಿಪ್ಪಣಿ ಗೀಚಿದ್ದ. ತಾನೇ ಎಲ್ಲಕ್ಕೂ ಮಿಗಿಲು, ಇತರರ ಹಂಗು ತನಗಿಲ್ಲ ಎಂಬ ಧಾಟಿಯವು. ಲೇಖಕರ ಪ್ರಕಾರ ಮುಂದಿನ ಆರು ದಶಕದ ಬೀಜಮಂತ್ರ ಅದೇ. ಹಾಸ್ಟೆಲಿನಲ್ಲಿದ್ದಾಗ ನೀವು ನೀಟ್ಶೆ ಓದಿ ಅಂಚಿನಲ್ಲಿ ಏನೇನು ಬರೆದಿದ್ದೀರೋ, ಯಾರಾದರೂ ಅದನ್ನು ಹಿಡಿದು ನಿಮ್ಮ ಜನ್ಮ ಜಾಲಾಡಿದರೆ ಹೇಗಿದ್ದೀತು? ಅಲ್ಲಿಂದ ಮುಂದೆ ಮಾವೋ ಬೆಳೆಯುವುದೇ ಇಲ್ಲ, ಬದಲಾಗುವುದೇ ಇಲ್ಲ. ರೈತರ ಮೇಲೆ ಅವನಿಗೆ ಕಾಳಜಿಯಿರಲಿಲ್ಲ, ಸಿದ್ಧಾಂತದಲ್ಲಿ ನಂಬಿಕೆಯಿರಲಿಲ್ಲ, ಯುದ್ಧದ ಜಾಣತನವೂ ಇರಲಿಲ್ಲ. ಹಾಗಿದ್ದರೆ ಲಕ್ಷಾಂತರ ಜನ ಅವನ ಹಿಂದೆ ಹೋದದ್ದೇಕೆ? ಪುಸ್ತಕದ ಬಳಿ ಇರುವ ಉತ್ತರ ಎರಡು: ಸ್ಟಾಲಿನ್ ಮತ್ತು ಭಯ. ಜಮೀನ್ದಾರಿ, ಸಾಲ, ಗೇಣಿ, ಜಪಾನಿನ ದಾಳಿ ಇವೆಲ್ಲ ರಂಗದ ಹಿಂದಿನ ಪರದೆಯಷ್ಟೇ. 1949ರಲ್ಲಿ ನಲವತ್ತನ್ನೂ ಮುಟ್ಟದಿದ್ದ ಚೀನೀಯರ ಸರಾಸರಿ ಆಯಸ್ಸು ಅವನು ಸಾಯುವ ಹೊತ್ತಿಗೆ ಅರವತ್ತೈದರ ಹತ್ತಿರ ಬಂದಿತ್ತು. ಕೋಟಿಗಟ್ಟಲೆ ಜನ ಸತ್ತ ಅದೇ ಆಳ್ವಿಕೆಯಲ್ಲಿ ಇದು ಹೇಗಾಯಿತು ಎಂಬ ತೊಡಕಿನ ಪ್ರಶ್ನೆಗೂ ಇಲ್ಲಿ ಗಂಭೀರವಾದ ಜಾಗವಿಲ್ಲ.

ಬೀಜಿಂಗಿನ ತಿಯಾನನ್‌ಮೆನ್ ದ್ವಾರದ ಮೇಲೆ ತೂಗುವ ಆ ದೊಡ್ಡ ಚಿತ್ರ ಹೇಳುವುದೂ ಇದನ್ನೇ, ನೋಡಿ: ಚೀನಾದಲ್ಲಿ ಆದದ್ದೆಲ್ಲ ಈ ಒಬ್ಬನ ಇಚ್ಛೆಯಿಂದ. ಪುಸ್ತಕ ಆ ಆರಾಧನೆಯನ್ನು ತಲೆಕೆಳಗು ಮಾಡಿ ನಿಲ್ಲಿಸಿದೆ, ಕೆಡವಿಲ್ಲ. ಒಬ್ಬನೇ ಎಲ್ಲ ಮಾಡಿದನೆಂದ ಕೂಡಲೇ ಉಳಿದವರೆಲ್ಲ ಕೈತೊಳೆದುಕೊಂಡು ಮನೆಗೆ ಹೋಗಬಹುದು. 1981ರಲ್ಲಿ ಚೀನಾದ ಕಮ್ಯುನಿಸ್ಟ್ ಪಕ್ಷವೂ ತನ್ನ ಠರಾವಿನಲ್ಲಿ ಸಾಂಸ್ಕೃತಿಕ ಕ್ರಾಂತಿಯ ಮುಖ್ಯ ಹೊಣೆಯನ್ನು ಮಾವೋನ ಮೇಲೆ ಹೊರಿಸಿ, ಅವನ ಸಾಧನೆ ಮೊದಲು, ತಪ್ಪು ಆಮೇಲೆ ಎಂದು ಷರಾ ಬರೆದು ತಾನು ಪಾರಾಯಿತು.

ಹಾಗಾದರೆ ಕೊಂದವರು ಯಾರು? ಶಿನ್‌ಯಾಂಗ್‌ಗೆ ಬನ್ನಿ. ಹೆನಾನ್ ಪ್ರಾಂತ್ಯದ, ಎಂಬತ್ತು ಲಕ್ಷ ಜನರ ಪ್ರದೇಶ. 1959ರ ಬೆಳೆ ನೆಲಕಚ್ಚಿತ್ತು. ಆದರೆ ಮೇಲಕ್ಕೆ ಹೋದ ಲೆಕ್ಕದಲ್ಲಿ ಬಂಪರ್ ಬೆಳೆ. ಲೆಕ್ಕಕ್ಕೆ ತಕ್ಕ ಲೆವಿ, ಅಂದರೆ ಸರ್ಕಾರಕ್ಕೆ ಕಡ್ಡಾಯವಾಗಿ ಕೊಡಬೇಕಾದ ಧಾನ್ಯ. ಲೆವಿ ಎಂದರೆ ಏನೆಂದು ನಮ್ಮ ಹಿರಿಯ ರೈತರನ್ನು ಕೇಳಿದರೆ ಹೇಳುತ್ತಾರೆ. ಇಲ್ಲಿ ಅಧಿಕಾರಿ ಬಂದಾಗ ಪಣತದ ಹಿಂದೆ ನಾಲ್ಕು ಮೂಟೆ ಮುಚ್ಚಿಡಬಹುದಿತ್ತು. ಅಲ್ಲಿ ಮುಚ್ಚಿಡಲೂ ಏನಿರಲಿಲ್ಲ, ಆದರೂ ಮುಚ್ಚಿಟ್ಟಿದ್ದಾರೆಂದು ಹಿಡಿದು ಹೊಡೆದರು. ಬಿತ್ತನೆ ಬೀಜವೂ ಹೋಯಿತು. ಊರು ಬಿಟ್ಟು ಓಡದಂತೆ ದಾರಿಗಳಿಗೆ ಕಾವಲು. ಹೊರಗಿನವರಿಗೆ ಬರೆದ ಸಾವಿರಾರು ಕಾಗದಗಳು ಅಂಚೆ ಕಚೇರಿಯಲ್ಲೇ ಜಪ್ತಿ. ಸರ್ಕಾರಿ ಉಗ್ರಾಣಗಳಲ್ಲಿ ಧಾನ್ಯ ಇದ್ದಂತೆಯೇ ಅಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಜನ ಸತ್ತರು. ಇದನ್ನು ಮಾಡಿದ ಕೈಗಳು ಮಾವೋನವಲ್ಲ: ಪ್ರದೇಶದ ಕಾರ್ಯದರ್ಶಿ ಲು ಶಿಯಾನ್‌ವೆನ್, ಪ್ರಾಂತ್ಯದ ವು ಝಿಪು, ಅವರ ಕೆಳಗೆ ಊಟದ ಮನೆಯ ಸೌಟು ಹಿಡಿದವನವರೆಗೆ. ಆ ಕೈಗಳಿಗೆ ಬಲ ಬಂದದ್ದು ಮಾತ್ರ ಬೀಜಿಂಗಿನಿಂದ. 1959ರಲ್ಲೂ ಚೀನಾ ಸುಮಾರು 42 ಲಕ್ಷ ಟನ್ ಧಾನ್ಯ ಹೊರದೇಶಕ್ಕೆ ಕಳಿಸಿತು. 1958ರ ಬೆಳೆಯನ್ನು ಮೊದಲು 37.5 ಕೋಟಿ ಟನ್ ಎಂದು ಸಾರಿದ್ದರು. ನಿಜವಾಗಿ ಬಂದದ್ದು ಸುಮಾರು 20 ಕೋಟಿ. ಈ ಸುಳ್ಳನ್ನು ಒಬ್ಬ ಮನುಷ್ಯ ಕೂತು ಬರೆಯಲಿಲ್ಲ, ಪ್ರತಿ ಮೇಜಿನಲ್ಲೂ ಅಷ್ಟಿಷ್ಟು ಸೇರುತ್ತ ಮೇಲೇರಿತು.

ಎಲ್ಲ ಕಡೆ ಸಾವು ಒಂದೇ ಬಗೆಯಲ್ಲೂ ಬರಲಿಲ್ಲ. ಅನ್‌ಹುಯ್ ಪ್ರಾಂತ್ಯ ಸ್ಮಶಾನವಾದಾಗ ನೆರೆಯ ಜಿಯಾಂಗ್‌ಶಿಯಲ್ಲಿ ಸಾವಿನ ಪ್ರಮಾಣ ಅದರ ಸಣ್ಣ ಪಾಲು. ಜುಂಗ್ ಚಾಂಗ್ ಅವರದೇ ಸಿಚುವಾನ್, ಫಲವತ್ತಾದ ನಾಡು, ಅತಿ ಹೆಚ್ಚು ಜನರನ್ನು ಕಳೆದುಕೊಂಡಿತು. ಅಲ್ಲಿನ ಮುಖ್ಯಸ್ಥ ಲಿ ಜಿಂಗ್‌ಚುವಾನ್ ಜನ ಸಾಯುತ್ತಿರುವಾಗಲೂ ಹೊರಗಿನ ನಗರಗಳಿಗೆ ಧಾನ್ಯ ಸಾಗಿಸುತ್ತಲೇ ಇದ್ದ. ಆಳುವವನು ಒಬ್ಬನೇ, ಆಜ್ಞೆ ಒಂದೇ. ಈ ವ್ಯತ್ಯಾಸವನ್ನು ರಾಕ್ಷಸನೊಬ್ಬನ ಕಥೆಯಿಂದ ವಿವರಿಸಲು ಆಗದು.

ಇದನ್ನೆಲ್ಲ ನಾವು ಬಲ್ಲೆವಾದರೆ ಅದಕ್ಕೆ ಮುಖ್ಯ ಕಾರಣ ಪಕ್ಷದ ಸದಸ್ಯರೇ ಆಗಿದ್ದ ಯಾಂಗ್ ಜಿಶೆಂಗ್. 1959ರಲ್ಲಿ ಹುಬೆಯ್ ಪ್ರಾಂತ್ಯದಲ್ಲಿ ಶಾಲೆಗೆ ಹೋಗುತ್ತಿದ್ದ ಹುಡುಗ. ಅಪ್ಪ ಹಸಿವಿನಿಂದ ಮಲಗಿದ್ದಾರೆಂದು ಸುದ್ದಿ ಬಂದು, ಶಾಲೆಯ ತನ್ನ ಪಾಲಿನ ಅಕ್ಕಿ ಹಿಡಿದು ಓಡಿದ. ಅಪ್ಪನಿಗೆ ನುಂಗಲೂ ಆಗಲಿಲ್ಲ. ಅಪ್ಪ ಸತ್ತ ಮೇಲೂ ಹುಡುಗ ಪಕ್ಷವನ್ನು ಶಂಕಿಸಲಿಲ್ಲ. ಅದು ತನ್ನ ಮನೆಯೊಂದರ ದುರದೃಷ್ಟ ಎಂದುಕೊಂಡ. ಮುಂದೆ ಶಿನ್‌ಹುವಾ ಸುದ್ದಿಸಂಸ್ಥೆಯ ವರದಿಗಾರರಾಗಿ, ಆ ಗುರುತು ಚೀಟಿಯ ಬಲದಿಂದಲೇ ಪ್ರಾಂತ್ಯಗಳ ದಾಖಲೆ ಕೋಣೆಗಳಿಗೆ ಹೊಕ್ಕು ವರ್ಷಗಟ್ಟಲೆ ನಕಲು ಮಾಡಿಕೊಂಡರು. 2008ರಲ್ಲಿ ಹಾಂಗ್‌ಕಾಂಗಿನಲ್ಲಿ ಎರಡು ಸಂಪುಟವಾಗಿ ಬಂದ ಅವರ 'ಟೂಂಬ್‌ಸ್ಟೋನ್' ಪಕ್ಷದ ಕಾಗದಗಳನ್ನೇ ಪಕ್ಷದ ಎದುರು ಹರಡುತ್ತದೆ. ಅವರ ಲೆಕ್ಕದಲ್ಲಿ ಸತ್ತವರು 3.6 ಕೋಟಿ. ಆ ಪುಸ್ತಕವೂ ಚೀನಾದಲ್ಲಿ ನಿಷಿದ್ಧ. ಆದರೆ ಅದನ್ನು ಅಪಪ್ರಚಾರ ಎಂದು ಒಂದು ಮಾತಿನಲ್ಲಿ ತಳ್ಳಿಹಾಕುವುದು ಯಾರಿಗೂ ಸುಲಭವಲ್ಲ.

ಅಂಕಿಯ ಜಗಳವನ್ನೂ ಇಲ್ಲೇ ಮುಗಿಸುತ್ತೇನೆ. ಕ್ಷಾಮದ ಸಾವಿನ ಅಂದಾಜು 1.5 ಕೋಟಿಯಿಂದ ಹಿಡಿದು ಇತಿಹಾಸಕಾರ ಫ್ರಾಂಕ್ ಡಿಕಾಟರ್ ಹೇಳುವ 4.5 ಕೋಟಿಯವರೆಗೆ ಚಾಚಿಕೊಂಡಿದೆ. ಚಾಂಗ್ ಮತ್ತು ಹ್ಯಾಲಿಡೇ 3.8 ಕೋಟಿ ಎನ್ನುತ್ತಾರೆ, ಯಾಂಗ್ ಅವರ ಲೆಕ್ಕಕ್ಕೆ ದೂರವೇನಲ್ಲ. ಅವರ ಏಳು ಕೋಟಿ ಅಲುಗಾಡುವುದು ಉಳಿದ ಭಾಗದಲ್ಲಿ, ಮುಖ್ಯವಾಗಿ ಜೈಲು ಮತ್ತು ಶಿಬಿರಗಳ ಸಾವಿನ ಅಂದಾಜಿನಲ್ಲಿ. ಆ ಮೊತ್ತವನ್ನೇ ಮೊದಲ ವಾಕ್ಯದಲ್ಲಿ ನಿಲ್ಲಿಸಿದ್ದರಿಂದ ಓದುಗ ಅದರ ಮೇಲೆಯೇ ಬೀಳುತ್ತಾನೆ, ದಾಖಲೆಯಿರುವ 3.6 ಕೋಟಿ ಜನ ಎರಡನೆಯ ಸಲ ಮರೆಗೆ ಸರಿಯುತ್ತಾರೆ.

ಬಳಗದ ಎಡಪಂಥೀಯರಿಗೆ ಒಂದು ಮಾತು. ಅರ್ಥಶಾಸ್ತ್ರಜ್ಞರಾದ ಅಮರ್ತ್ಯ ಸೇನ್ ಮತ್ತು ಜ್ಯಾನ್ ಡ್ರೇಜ್ 1989ರಲ್ಲಿ ಮಾಡಿದ ಹೋಲಿಕೆ ನಿಮಗೆ ಬಾಯಿಪಾಠ: ಭಾರತದಲ್ಲಿ ದಿನನಿತ್ಯದ ಹಸಿವು, ರೋಗಗಳಿಂದಾಗುವ ಹೆಚ್ಚುವರಿ ಸಾವುಗಳು ಎಂಟು ವರ್ಷಕ್ಕೊಮ್ಮೆ ಚೀನಾದ ಆ ಕ್ಷಾಮದ ಲೆಕ್ಕ ಮುಟ್ಟುತ್ತವೆ ಎಂಬುದು. ಆದರೆ ವಿರೋಧ ಪಕ್ಷ, ಪತ್ರಿಕೆ ಇರುವ ದೇಶದಲ್ಲಿ ಅಂಥ ಕ್ಷಾಮ ಮೂರು ವರ್ಷ ಮುಚ್ಚಿಡಲು ಆಗುತ್ತಿರಲಿಲ್ಲ ಎಂದು ಹೇಳಿದವರೂ ಅದೇ ಸೇನ್. ಬಳಗದ ಇನ್ನೊಂದು ಪಾಲಿನವರಿಗೆ ಈ ಎರಡನೆಯದು ಮಾತ್ರ ಬಾಯಿಪಾಠ, ಮೊದಲನೆಯದು ಅವರ ಕಣ್ಣಿಗೇ ಬಿದ್ದಿಲ್ಲ. ಒಬ್ಬರೇ ಲೇಖಕರನ್ನು ಇಬ್ಬರು ಹೀಗೆ ಹಂಚಿಕೊಂಡು ಓದುವುದಾದರೆ ಓದುಬಳಗ ಏಕೆ ಬೇಕು?

ಇದು ನಮಗೆ ದೂರದ ದೇಶದ ಜಗಳವಾಗಿದ್ದರೆ ಪ್ರವಾಸಕಥನ ಓದಿಕೊಳ್ಳಿ ಎಂದು ನಾನೂ ಸುಮ್ಮನಿರುತ್ತಿದ್ದೆ. ಈ ಪುಸ್ತಕ ಹೊರಬಂದ ವರ್ಷವೇ, 2005ರ ಫೆಬ್ರವರಿಯಲ್ಲಿ, ಚಿಕ್ಕಮಗಳೂರು ಜಿಲ್ಲೆಯಲ್ಲಿ ಮಾವೋವಾದಿ ನಾಯಕ ಸಾಕೇತ್ ರಾಜನ್ ಪೊಲೀಸರ ಗುಂಡಿಗೆ ಸತ್ತರು. ಕರ್ನಾಟಕದ ಚರಿತ್ರೆಯನ್ನು ಎರಡು ಸಂಪುಟಗಳಲ್ಲಿ ಬರೆದಿದ್ದ ಮನುಷ್ಯ. ಕೆಲವೇ ದಿನಗಳಲ್ಲಿ ಪಾವಗಡದ ವೆಂಕಟಮ್ಮನಹಳ್ಳಿಯಲ್ಲಿ ಶಾಲೆಯಲ್ಲಿ ತಂಗಿದ್ದ ಪೊಲೀಸರು ಮಾವೋವಾದಿಗಳ ದಾಳಿಗೆ ಬಲಿಯಾದರು. 2025ರ ಜನವರಿಯಲ್ಲಿ ಆರು ಜನ ಮಾವೋವಾದಿಗಳು ಮುಖ್ಯಮಂತ್ರಿಯ ಮುಂದೆ ಶರಣಾಗುವವರೆಗೆ, ಮಾವೋನ ಹೆಸರಿನಲ್ಲಿ ನಮ್ಮ ಮಲೆನಾಡಿನ ಕಾಡುಗಳಲ್ಲಿ ಎರಡೂ ಕಡೆಯ ಜನ ಸತ್ತಿದ್ದಾರೆ. ಅವರಲ್ಲಿ ಕೆಲವರನ್ನು ನಿಮ್ಮಲ್ಲಿ ಕೆಲವರು ಬಲ್ಲಿರಿ. ಮಾವೋ ಏನು ಮಾಡಿದ, ಏನು ಮಾಡಲಿಲ್ಲ ಎಂಬುದನ್ನು ಅಡಿಟಿಪ್ಪಣಿ ಸಮೇತ ಕೇಳುವ ಹಕ್ಕು ಮತ್ತು ಕೆಲಸ ನಮಗೆ ಇದೆ.

ನಾನು ಕೇಳುವುದು ಇಷ್ಟು. ಪುಸ್ತಕವನ್ನು ಪಟ್ಟಿಗೆ ವಾಪಸ್ ಹಾಕಿ. ಎಂಟುನೂರು ಪುಟ ಎಲ್ಲರೂ ಓದಬೇಕಿಲ್ಲ: ಯಾಂಗ್ ಕೈಹುಯ್ ಅಧ್ಯಾಯ, ಲುದಿಂಗ್ ಸೇತುವೆಯ ಪುಟಗಳು, ಮಹಾ ಮುನ್ನೆಗೆತದ ಅಧ್ಯಾಯ ಸಾಕು. ಪಕ್ಕದಲ್ಲಿ ನೇಥನ್ ಅವರ ವಿಮರ್ಶೆ ಇರಲಿ. ಶಿನ್‌ಯಾಂಗಿನ ಬಗ್ಗೆ ಯಾಂಗ್ ಜಿಶೆಂಗ್ ಬರೆದ ಅಧ್ಯಾಯದ ಇಂಗ್ಲಿಷ್ ಅನುವಾದ ಸಿಗುತ್ತದೆ, ಅದಿರಲಿ. ಪುಸ್ತಕವನ್ನು ಸಮರ್ಥಿಸುವ ಕೆಲಸವನ್ನು ಎಡಪಂಥೀಯರೊಬ್ಬರಿಗೆ, ಅದರ ದೋಷ ಹೇಳುವ ಕೆಲಸವನ್ನು ಮಾವೋನನ್ನು ಕಂಡರಾಗದವರೊಬ್ಬರಿಗೆ ಕೊಡಿ. ಒಂದು ಭಾನುವಾರಕ್ಕೆ ಮುಗಿಯದಿದ್ದರೆ ಇನ್ನೊಂದು ಭಾನುವಾರ ಕೂರೋಣ. ನಾನು ಬರುತ್ತೇನೆ, 'ಟೂಂಬ್‌ಸ್ಟೋನ್' ನನ್ನ ಬಳಿ ಇದೆ, ಬೇಕಾದ ಪುಟಗಳ ಜೆರಾಕ್ಸ್ ಮಾಡಿಸಿ ಮೊದಲೇ ಕಳಿಸುತ್ತೇನೆ.

ಇಂತಿ,
ನಿಮ್ಮ ಬಳಗದ ಹಳೆಯ ಓದುಗ